ಎಣ್ಣೆಗೆಂಪು

ಬೀರು ತೆಗೆದ ಮಾನಸಳಿಗೆ ಮೊದಲು ಕಂಡದ್ದು ಬಟ್ಟೆಯಲ್ಲ, ಬೀರುವಿನ ಹಿಂಬದಿಯ ತಗಡು. ಮದುವೆಯಾಗಿ ಆರು ವರ್ಷವಾದರೂ ಆ ತಗಡಿಗೂ ಅವಳಿಗೂ ಮುಖಾಮುಖಿಯಾಗಿರಲಿಲ್ಲ. ಎಡಗಡೆ ಖಾಲಿ ಹ್ಯಾಂಗರುಗಳು ಮೂಳೆ ತೋರಿಸಿಕೊಂಡು ನೇತಾಡುತ್ತಿದ್ದವು. ಬಲಗಡೆ ಉಳಿದದ್ದು ಹದಿಮೂರು ಬಟ್ಟೆ. ಹಾಲಿಗೆ ನೀರು ಬೆರೆಸಿದಂಥ ನೀಲಿ, ನೀರಿಗೆ ಹಾಲು ಬೆರೆಸಿದಂಥ ನೀಲಿ, ಒಗೆದು ಒಗೆದು ಸುಸ್ತಾದ ನೇರಳೆ, ಟೂತ್‌ಪೇಸ್ಟಿನ ಹಸಿರು, ಬೂದಿ. ಒಂದೇ ವಾರ್ಡಿನಿಂದ ಡಿಸ್ಚಾರ್ಜ್ ಆಗಿ ಬಂದ ರೋಗಿಗಳ ಹಾಗೆ ಅವೆಲ್ಲ ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು.

"ಅತ್ತೆ, ನನ್ನ ಬದನೆಕಾಯಿ ಬಣ್ಣದ ಸೀರೆ ಎಲ್ಲಿ?"

ಅಡುಗೆಮನೆಯಿಂದ ಉತ್ತರ ಬರಲಿಲ್ಲ. ಅತ್ತೆ ಬೆಟ್ಟಮ್ಮನ ಕಿವಿ ಚುರುಕಾಗಿಯೇ ಇತ್ತು. ಹೇಳಲು ಉತ್ತರ ಇಲ್ಲದಾಗ ಮಾತ್ರ ಅದಕ್ಕೆ ಪ್ರಶ್ನೆ ಕೇಳಿಸುತ್ತಿರಲಿಲ್ಲ.

ಅದು ಗುರುವಾರದ ಸಂಜೆ. ಶನಿವಾರ ಮಾನಸಳ ಫೋಟೊ ತೆಗೆಯುವುದಿತ್ತು. ಅವಳು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದಳು. ವರ್ಷಕ್ಕೊಮ್ಮೆ, ಅಡ್ಮಿಷನ್ ಶುರುವಾಗುವ ಮುಂಚೆ, ಅಲ್ಲಿನ ಮೇಷ್ಟರುಗಳ ಮುಖವೆಲ್ಲ ದೊಡ್ಡ ಫ್ಲೆಕ್ಸಿನ ಮೇಲೆ ಏರುತ್ತಿತ್ತು. ಹೋದ ವರ್ಷ ಏರಿದ್ದು ಅವಳ ಮುಖವಲ್ಲ. ಮೂಗು ಅವಳದೇ, ಹುಬ್ಬು ಅವಳದೇ, ಚರ್ಮ ಮಾತ್ರ ಯಾವುದೋ ಸೋಪಿನ ಕಂಪನಿಯದು. ಡಿಸೈನ್ ಮಾಡಿದವನು ಅವಳನ್ನು ಎಷ್ಟು ಬೆಳಗಿಸಿದ್ದನೆಂದರೆ ಕೈಯಲ್ಲಿ ಹಿಡಿದಿದ್ದ ಚಾಕ್‌ಪೀಸು ಕಾಣದೆ, ಮಿಸ್ಸು ಬೆರಳು ತೋರಿಸಿ ಯಾರನ್ನೋ ಬೈಯುತ್ತಿರುವಂತೆ ಕಾಣುತ್ತಿತ್ತು. ಆಮೇಲೊಂದು ದಿನ ಮಗಳನ್ನು ಸೇರಿಸಲು ಬಂದ ತಂದೆಯೊಬ್ಬರು, ಬಾಗಿಲಲ್ಲಿ ನಿಂತಿದ್ದ ಇದೇ ಮಾನಸಳ ಕೈಗೆ ಅರ್ಜಿ ಕೊಟ್ಟು, ಫ್ಲೆಕ್ಸಿನಲ್ಲಿರೋ ಮೇಡಂನ ಸ್ವಲ್ಪ ಕರೀರಮ್ಮ ಎಂದಿದ್ದರು. ನಾನೇ ಅವರು ಎಂದಾಗ ಅವರು ಒಮ್ಮೆ ಇವಳನ್ನೂ ಒಮ್ಮೆ ಗೋಡೆಯ ಮೇಲಿನವಳನ್ನೂ ನೋಡಿ, ದೊಡ್ಡವರಾಗಿ ಒಂದು ಸಮಾಧಾನ ಹೇಳಿದ್ದರು. ಇರಲಿ ಬುಡಮ್ಮ, ಪಾಠ ಚೆನ್ನಾಗಿ ಮಾಡಿದ್ರೆ ಸಾಕು.

ಆ ಸಮಾಧಾನ ಒಂದು ವರ್ಷದಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಈ ಸಲ ಫ್ಲೆಕ್ಸಿನಲ್ಲಿ ಇರುವುದು ತಾನೇ ಆಗಿರಬೇಕು, ತನ್ನ ಬಣ್ಣದಲ್ಲೇ ಇರಬೇಕು ಎಂದು ತೀರ್ಮಾನಿಸಿದ್ದಳು. ಅದಕ್ಕೆಂದೇ ಆ ಬದನೆಕಾಯಿ ಬಣ್ಣದ ಸೀರೆಯನ್ನು ಇಸ್ತ್ರಿ ಮಾಡಿಸಿ ಎಡಗಡೆಯ ಮೊದಲ ಹ್ಯಾಂಗರಿಗೆ ಹಾಕಿದ್ದಳು. ಅದನ್ನು ಉಟ್ಟಾಗ ತನ್ನ ಮುಖಕ್ಕೆ ಕಾವು ಬರುವುದು ಅವಳಿಗೆ ಗೊತ್ತಿತ್ತು. ಕನ್ನಡಿ ಹೇಳಿತ್ತು. ಕನ್ನಡಿಗೆ ಮರ್ಯಾದೆ ಮಾಡಿ ಮಾತಾಡುವ ಅಭ್ಯಾಸವಿಲ್ಲ.

ಬೀರುವಿನ ಹಿಡಿಗೆ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡು ದಾರದಲ್ಲಿ ತೂಗುತ್ತಿತ್ತು. ನಾಲ್ಕು ತಿಂಗಳ ಹಿಂದೆ ಗಂಡ ಲಿಖಿತ್ ಹುಟ್ಟುಹಬ್ಬಕ್ಕೆ ಕೊಟ್ಟ ಉಡುಗೊರೆ ಅದು. ಹೇಳದೆ ಕೇಳದೆ, ಯಾವುದೋ ಊರಿನ ಯಾವುದೋ ಆನ್‌ಲೈನ್ ಕಂಪನಿಗೆ ಅವಳ ಫೋಟೊ, ವಿವರ ಕಳಿಸಿ, ಅವಳಿಗೆ ಒಪ್ಪುವ ಇಪ್ಪತ್ತನಾಲ್ಕು ಬಣ್ಣಗಳ ಪ್ಯಾಲೆಟ್ ತರಿಸಿದ್ದ. ಇನ್ನು ಮುಂದೆ ಕೊಳ್ಳುವುದೆಲ್ಲ ಈ ಇಪ್ಪತ್ತನಾಲ್ಕರೊಳಗೇ. ಹೊಸದಾಗಿ ತಂದ ಬಟ್ಟೆ ಬೀರುವಿನಲ್ಲಿರುವ ಕನಿಷ್ಠ ಮೂರಕ್ಕೆ ಜೊತೆಯಾಗಬೇಕು. ಯಾವ ತಿಂಗಳು ಯಾವ ಬಣ್ಣ ಎಂಬ ವರ್ಷದ ಪ್ಲಾನೂ ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗಿತ್ತು. ಹೀಗೆ ಕಡಿಮೆ ಬಟ್ಟೆಯಲ್ಲಿ ಬೀರು ನಡೆಸುವುದಕ್ಕೆ ಕ್ಯಾಪ್ಸೂಲ್ ವಾರ್ಡ್‌ರೋಬ್ ಎನ್ನುತ್ತಾರೆ ಎಂದು ಅವನು ಹೇಳಿದಾಗ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಅವಳು ಕೇಳಿದ್ದಳು. ಅವನು ನಕ್ಕಿರಲಿಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರ ಪ್ಲಾನಿಂಗ್ ವಿಭಾಗದಲ್ಲಿದ್ದವನು ಅವನು. ಪ್ಲಾನಿನ ವಿಷಯದಲ್ಲಿ ನಗುವುದು ಅವನ ಪ್ಲಾನಿನಲ್ಲಿರಲಿಲ್ಲ. ಹಿನಕಲ್‌ನ ಆ ಮನೆಯಲ್ಲಿ ಚಪ್ಪಲಿ ಬಿಡುವ ಜಾಗಕ್ಕೂ ಹಳದಿ ಟೇಪು ಅಂಟಿಸಿದ್ದ. ಬೇಳೆ ಡಬ್ಬಕ್ಕೆ ಬೇಳೆ ಎಂದೂ, ಒಳಗೆ ಬೇಳೆ ಇಲ್ಲದಾಗಲೂ ಬೇಳೆ ಎಂದೂ ಚೀಟಿ ಇತ್ತು.

ಯೋಚನೆಯೇ ತಪ್ಪು ಎಂದು ಮಾನಸಳಿಗೆ ಅನಿಸಿರಲಿಲ್ಲ. ಬೆಳಗ್ಗೆ ಏಳಕ್ಕೆ ಮೊದಲ ಕ್ಲಾಸು ಇರುವವಳಿಗೆ ಯಾವ ಟಾಪಿಗೆ ಯಾವ ಪ್ಯಾಂಟು ಎಂಬ ತಲೆನೋವು ತಪ್ಪಿದರೆ ಒಳ್ಳೆಯದೇ. ಹಾಗೆಂದು ನಾಲ್ಕು ತಿಂಗಳು ಕಾರ್ಡು ಹಿಡಿದುಕೊಂಡೇ ಕೊಂಡಳು. ಆ ಕಂಪನಿಯವರು ಜನರ ಮೈಬಣ್ಣವನ್ನು ಋತುಗಳಾಗಿ ವಿಂಗಡಿಸುತ್ತಿದ್ದರು, ಕಾರ್ಡಿನ ತಲೆಯ ಮೇಲೆ ಅವಳ ಋತು ಯಾವುದೆಂದು ಬರೆದಿತ್ತು. ಕೂಲ್ ಸಮ್ಮರ್. ಸಮ್ಮರ್ ಸರಿ, ಮೈಸೂರಿನವರಿಗೂ ಈಗ ಅದರ ಪರಿಚಯ ಚೆನ್ನಾಗಿಯೇ ಇದೆ, ಕೂಲ್ ಎಲ್ಲಿಂದ ಬಂತು ಎಂದುಕೊಂಡಿದ್ದಳು. ಕೊಂಡ ಬಟ್ಟೆ ಹಾಕಿಕೊಂಡು ಹೋದ ದಿನವೆಲ್ಲ ಸ್ಟಾಫ್ ರೂಮಿನಲ್ಲಿ ಒಬ್ಬರಲ್ಲ ಒಬ್ಬರು ಹುಷಾರಿಲ್ವಾ ಎಂದು ಕೇಳುತ್ತಿದ್ದರು. ಫಿಸಿಕ್ಸಿನ ಭಾನುಮತಿ ಮೇಡಂ ಒಮ್ಮೆ ಹತ್ತಿರ ಕರೆದು, ಪ್ಲೇಟ್ಲೆಟ್ ಚೆಕ್ ಮಾಡಿಸಮ್ಮ ಎಂದಿದ್ದರು. ಪ್ಯಾಲೆಟ್ಟು ಮೇಡಂ, ಪ್ಲೇಟ್ಲೆಟ್ಟಲ್ಲ ಎಂದು ಹೇಳಿ ಮಾನಸ ನಕ್ಕಿದ್ದಳು. ಮನೆಗೆ ಬಂದು ನಕ್ಕಿರಲಿಲ್ಲ.

ಈಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕಟ್ಟೆಯ ಮೇಲೆ ಹೊಸ ಸ್ಟೀಲ್ ಪಾತ್ರೆಯೊಂದು ಥಳಥಳ ಎನ್ನುತ್ತಿತ್ತು. ಇಡ್ಲಿ ಪಾತ್ರೆ.

ಅದನ್ನು ನೋಡಿದ ಕೂಡಲೇ ಅವಳಿಗೆ ಎಲ್ಲವೂ ಅರ್ಥವಾಗಿಹೋಯಿತು. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ತಿಂಗಳಿಗೊಮ್ಮೆ ಆ ಬೀದಿಗೆ ಬರುತ್ತಿದ್ದಳು. ಇವತ್ತು ಬಂದಿದ್ದಳು.

"ನಿನ್ ಗಂಡನೇ ಯೋಳಿದ್ದು ಕಣಮ್ಮ," ಎಂದಳು ಬೆಟ್ಟಮ್ಮ, ಸೊಪ್ಪು ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸದೆ. "ಬೆಳಗ್ಗೆ ನೀನು ಹೋದ್ಮೇಲೆ ಕೆಂಪು ಚೀಟಿ ಹಚ್ಚಿ, ಇವು ಕೊಟ್ಬುಡವ್ವ ಅಂದ, ಕೊಟ್ಬುಟ್ಟೆ. ನಿನ್ ಬಣ್ಣಕ್ಕೆ ಅವೆಲ್ಲ ಪಲ್ಲಟ ಆಯ್ತವಂತೆ."

"ಪಲ್ಲಟ ಅಲ್ಲ ಅತ್ತೆ. ಪ್ಯಾಲೆಟ್."

"ಅದೇ ಕಣಮ್ಮ. ಪಲ್ಲಟ."

ಬೆಟ್ಟಮ್ಮ ಹೇಳಿದ್ದೇ ಸರಿ ಎಂದು ಮಾನಸಳಿಗೆ ಅನಿಸಿತು. ಬೀರುವಿನಲ್ಲಿದ್ದದ್ದು ಇಡ್ಲಿ ಪಾತ್ರೆಯಾಗಿ ಅಡುಗೆಮನೆಗೆ ಬಂದು ಕೂತಿತ್ತು, ಇದಕ್ಕಿಂತ ಪಲ್ಲಟ ಬೇರೆ ಇರಲಾರದು. ಕಾರ್ಖಾನೆಯಲ್ಲಿ ಬೇಡದ ಸಾಮಾನಿಗೆ ಕೆಂಪು ಚೀಟಿ ಅಂಟಿಸಿ ಹೊರಗೆ ಸಾಗಿಸುವ ಪದ್ಧತಿಯಿದೆ ಎಂದು ಲಿಖಿತ್ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದ. ಆ ಪದ್ಧತಿ ತನ್ನ ಸೀರೆಯ ಸೆರಗಿನವರೆಗೂ ಬಂದೀತೆಂದು ಅವಳು ಎಣಿಸಿರಲಿಲ್ಲ. ಆ ಹೆಂಗಸು ಯಾವ ಕಡೆ ಹೋದಳು ಎಂದು ಕೇಳಿದಳು. ಮಧ್ಯಾಹ್ನವೇ ಆಟೊದಲ್ಲಿ ಗಂಟು ಹಾಕಿಕೊಂಡು ಹೋದಳೆಂದೂ, ಹೆಸರು ಗೊತ್ತಿಲ್ಲವೆಂದೂ, ಇನ್ನು ಬರುವುದು ಬರುವ ತಿಂಗಳೇ ಎಂದೂ ಬೆಟ್ಟಮ್ಮ ಹೇಳಿದಳು. ಇಷ್ಟು ಹೇಳಿ, ಪಾತ್ರೆ ದಪ್ಪಕ್ಕಿದೆ, ತಳ ಹಿಡಿಯಲ್ಲ ಎಂಬ ಮಾತನ್ನೂ ಸೇರಿಸಿದಳು. ಅದನ್ನು ಸೇರಿಸಬಾರದಿತ್ತು.

ಲಿಖಿತ್ ಬಂದದ್ದು ಆರೂವರೆಗೆ. ಬೈಕು ನಿಲ್ಲಿಸಿ, ಚಪ್ಪಲಿಯನ್ನು ಟೇಪಿನ ಚೌಕದೊಳಗೆ ಬಿಟ್ಟು, ಒಳಗೆ ಕಾಲಿಟ್ಟವನಿಗೆ ಎದುರಾದದ್ದು ಸೋಫಾದ ಮಧ್ಯೆ ಇಟ್ಟಿದ್ದ ಇಡ್ಲಿ ಪಾತ್ರೆ. ಅದರ ಮುಚ್ಚಳದ ಮೇಲೆ ಒಂದು ಕೆಂಪು ಚೀಟಿ ಅಂಟಿತ್ತು.

ಮಾನಸಳ ಗಂಟಲಲ್ಲಿ ನಾಲ್ಕಾರು ಜನ ಬಾಡಿಗೆಗಿದ್ದರು. ಕ್ಲಾಸಿನಲ್ಲಿ ಮಕ್ಕಳು ತೂಕಡಿಸಿದಾಗ ಅವರಲ್ಲೊಬ್ಬರನ್ನು ಹೊರಗೆ ಬಿಡುತ್ತಿದ್ದಳು. ಈಗ ಬಿಟ್ಟದ್ದು ಗಂಡನನ್ನೇ. ಕೈ ಹಿಂದೆ ಕಟ್ಟಿ, ಗದ್ದ ಸ್ವಲ್ಪ ಎತ್ತಿ, ಸೋಮವಾರ ಬೆಳಗಿನ ಮೀಟಿಂಗಿನ ದನಿಯಲ್ಲಿ, ಈ ಐಟಂ ನಮ್ಮ ಪ್ಯಾಲೆಟ್ಟಿನಲ್ಲಿಲ್ಲ, ಇಂಥ ಥಳಥಳ ನಮಗೆ ನಿಷಿದ್ಧ, ಆದ್ದರಿಂದ ಇದನ್ನು ವಿಲೇವಾರಿ ಮಾಡಬೇಕಾಗಿದೆ ಎಂದಳು. ದನಿ ಎಷ್ಟು ಅವನದೇ ಇತ್ತೆಂದರೆ ಅಡುಗೆಮನೆಯಿಂದ ಬೆಟ್ಟಮ್ಮ, ಬಂದ್ಯಾ ಮಗ, ಕಾಫಿ ಕುಡೀತೀಯಾ ಎಂದು ಕೇಳಿದಳು.

ಲಿಖಿತ್ ಮೊದಲು ತಮಾಷೆ ಎಂದುಕೊಂಡ. ಆಮೇಲೆ ವಿವರಿಸಿದ. ಇದು ಎರಡನೇ ಹಂತ, ಪ್ಲಾನಿನಲ್ಲೇ ಇತ್ತು, ಹಳೆಯದು ಬೀರುವಿನಲ್ಲಿದ್ದರೆ ಕೈ ಅದಕ್ಕೇ ಹೋಗುತ್ತೆ, ಪ್ಯಾಲೆಟ್ ಕೆಲಸ ಮಾಡೋದಿಲ್ಲ. ಅವಳಿಗೆ ಸಪ್ಪೆಯಾಗಿ ಕಾಣುವುದು ರೂಢಿಯಿಲ್ಲದ್ದಕ್ಕೆ, ಕಣ್ಣು ಒಗ್ಗಬೇಕು. ತಜ್ಞರು ಸುಮ್ಮನೆ ಹೇಳಿರುತ್ತಾರಾ?

"ಆ ತಜ್ಞರು ನನ್ನನ್ನ ಎಲ್ಲಿ ನೋಡಿದ್ರು?"

"ಫೋಟೊ ಕಳಿಸಿದ್ದೆನಲ್ಲ."

"ಯಾವ ಫೋಟೊ?"

ಮದುವೆಯ ಆಲ್ಬಮ್ಮಿನದು ಎಂದ. ಮಾನಸ ಒಂದು ಕ್ಷಣ ಕಣ್ಣು ಮುಚ್ಚಿದಳು. ಆ ಆಲ್ಬಮ್ಮಿನಲ್ಲಿ ಅವಳನ್ನು ಹುಡುಕಲು ಅವಳ ತಾಯಿಗೇ ಕಷ್ಟವಾಗಿತ್ತು. ಮೇಕಪ್ಪಿನವಳು ಒಂದು ಸುತ್ತು, ಫೋಟೊದವನು ಒಂದು ಸುತ್ತು ಸುಣ್ಣ ಹೊಡೆದಿದ್ದರು. ಫೋಟೊ ಒಂದೇ ಅಲ್ಲ, ಫಾರಂ ಕೂಡ ತುಂಬಿದ್ದೆ, ಎಲ್ಲಾ ಸರಿಯಾಗಿಯೇ ತುಂಬಿದ್ದೆ ಎಂದು ಅವನು ಸಮರ್ಥಿಸಿಕೊಂಡ. ತೋರಿಸಿ ಎಂದಳು. ಅವನು ಲ್ಯಾಪ್‌ಟಾಪ್ ತೆರೆದ. ದಾಖಲೆ ಇಟ್ಟುಕೊಳ್ಳುವುದು ಅವನಿಗೆ ಒಲಿದ ವಿದ್ಯೆ, ಅದೇ ಅವನನ್ನು ಹಿಡಿದುಕೊಟ್ಟಿತು.

ಕೂದಲು ಕಪ್ಪು, ಸರಿ. ಕಣ್ಣು ಕಪ್ಪು, ಸರಿ. ಚರ್ಮದ ಬಣ್ಣ ಎಂಬಲ್ಲಿ ಆರು ಚೌಕಗಳಿದ್ದವು, ತೀರಾ ಬಿಳಿಯಿಂದ ತೀರಾ ಕಪ್ಪಿನವರೆಗೆ. ಆರರಲ್ಲಿ ಒಂದಕ್ಕೂ ಗುರುತು ಹಾಕಿರಲಿಲ್ಲ. ಕೆಳಗೆ, ಇತರೆ ಎಂಬ ಜಾಗದಲ್ಲಿ ಇಂಗ್ಲಿಷಿನ ಎರಡು ಪದ. ಮಾನಸ ಎರಡು ಸಲ ಓದಿಕೊಂಡಳು.

"ಆಯಿಲಿ ರೆಡ್ ಅಂದ್ರೆ ಏನ್ರೀ?"

ಲಿಖಿತ್ ಇಣುಕಿ ನೋಡಿದ. "ಎಣ್ಣೆಗೆಂಪು ಅಂತ ಕನ್ನಡದಲ್ಲಿ ಹಾಕಿದ್ದೆ. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೋ ಗೊತ್ತಾಗ್ಲಿಲ್ಲ, ಫೋನಿಗೆ ಹೇಳ್ದೆ. ಫೋನು ಹಂಗೆ ಮಾಡಿದೆ."

ಕಂಪನಿಯವರ ಉತ್ತರವೂ ಅಲ್ಲೇ ಇತ್ತು, ಅವನು ಕಾರ್ಡು ಮಾತ್ರ ಪ್ರಿಂಟ್ ಹಾಕಿಸಿ ಇದನ್ನು ಓದದೆ ಬಿಟ್ಟಿದ್ದ. ಗ್ರಾಹಕರ ಚರ್ಮ ಎಣ್ಣೆ ಜಿಡ್ಡಿನದೂ ಕೆಂಪೇರಿದ್ದೂ ಆಗಿರುವುದರಿಂದ ಕೆಂಪು, ಇಟ್ಟಿಗೆ, ಅರಿಶಿನ, ಬದನೆ ಮುಂತಾದ ಬಣ್ಣಗಳನ್ನು ಕೈಬಿಡುವುದು. ಉರಿಯನ್ನು ಮರೆಮಾಚುವ ತಣ್ಣನೆಯ ಬಣ್ಣಗಳನ್ನು ಸೂಚಿಸಲಾಗಿದೆ. ಜಿಡ್ಡಿನ ಬಗ್ಗೆ ಚರ್ಮದ ವೈದ್ಯರನ್ನು ಕಾಣುವುದು ಒಳ್ಳೆಯದು.

ನಗು ಬಂತು. ಬಂದದ್ದು ಅರ್ಧದಲ್ಲೇ ನಿಂತಿತು. ನಾಲ್ಕು ತಿಂಗಳಿಂದ ಅವಳು ಬಟ್ಟೆ ಕೊಂಡದ್ದು ಯಾವುದೋ ಉಪ್ಪಿನಕಾಯಿ ಭರಣಿಗೆ.

ಎಣ್ಣೆಗೆಂಪು ಎಂಬುದು ಬಣ್ಣವಲ್ಲ, ಮರ್ಯಾದೆ. ಹೆಣ್ಣು ತೋರಿಸುವ ಮಾತುಕತೆಯಲ್ಲಿ ಬೆಳ್ಳಗಿರುವವಳನ್ನು ಕೆಂಪಗಿದ್ದಾಳೆ ಎನ್ನುತ್ತಾರೆ. ಕೆಂಪಗೆ ಇಲ್ಲದವಳನ್ನು ಎಣ್ಣೆಗೆಂಪು ಎನ್ನುತ್ತಾರೆ. ಅದನ್ನೂ ಹೇಳಲು ನಾಲಿಗೆ ಏಳದಿದ್ದರೆ ಲಕ್ಷಣವಾಗಿದ್ದಾಳೆ ಎನ್ನುತ್ತಾರೆ. ಕಪ್ಪು ಎಂಬ ಪದ ಹಣಕ್ಕೆ, ಪಟ್ಟಿಗೆ, ಹಲಗೆಗೆ ಸಲ್ಲುತ್ತದೆ, ಹೆಣ್ಣಿನ ಮನೆಯ ಹೊಸ್ತಿಲಿಗೆ ಬಂದರೆ ಮಾತ್ರ ಯಾರೋ ಬಾಗಿಲಲ್ಲೇ ತಡೆದು ಎಣ್ಣೆ ಹಚ್ಚಿ ಕೆಂಪು ಮಾಡಿ ಒಳಗೆ ಬಿಡುತ್ತಾರೆ. ಈ ಮನೆಗೆ ಅವಳ ಸಂಬಂಧ ತಂದ ಚಿಕ್ಕಬಸವಯ್ಯನೂ ಅದನ್ನೇ ಮಾಡಿದ್ದ. ಅವನು ಅಂದು ಆಡಿದ ಮಾತು ಮದುವೆಯ ನಂತರ ಮನೆಯಲ್ಲಿ ಎಷ್ಟೋ ಸಲ ಮರುಪ್ರಸಾರವಾಗಿತ್ತು.

ಮಾನಸ ಎಲೆ ಅಡಿಕೆ ತುಂಬಿದ ಬಾಯಿ ಮಾಡಿಕೊಂಡಳು. "ಉಡ್ಗಿ ಎಣ್ಣೆಗೆಂಪು ಕಣ್ರವ್ವ. ಪೋಟೋದಗೆ ಒಸಿ ಕಮ್ಮಿ ಕಾಣ್ತದೆ, ಎದುರ್‌ಗೆ ನೋಡಿದ್ರೆ ಬೆಳಕು."

ಚಿಕ್ಕಬಸವಯ್ಯ ಸೋಫಾದಲ್ಲಿ ಬಂದು ಕೂತಷ್ಟು ಸ್ಪಷ್ಟವಾಗಿತ್ತು ಅದು. ಲಿಖಿತ್ ನಗಲು ಹೊರಟು, ಅವಳ ಮುಖ ನೋಡಿ ನಗು ನುಂಗಿದ.

"ಆರು ವರ್ಷ," ಎಂದಳು ಅವಳು, ಈಗ ತನ್ನದೇ ದನಿಯಲ್ಲಿ. ಗಂಡನನ್ನು ಅತ್ತೆಯ ಎದುರು ಯಾವತ್ತೂ ನೀವು ಎನ್ನುತ್ತಿದ್ದವಳು ಅದನ್ನೂ ಕೆಳಗಿಟ್ಟಳು. "ಆರು ವರ್ಷದಿಂದ ದಿನಾ ನೋಡ್ತಿದ್ದೀಯ. ಫಾರಂ ತುಂಬೋವಾಗ ನನ್ನ ಮುಖ ನೋಡಿ ಬರೀಲಿಲ್ಲ ನೀನು. ಚಿಕ್ಕಬಸವಯ್ಯನ ಬಾಯಿ ನೋಡಿ ಬರ್ದೆ."

"ಮತ್ತೆ ಕಪ್ಪು ಅಂತ ಹೆಂಗೆ ಬರೀಲಿ ಹೇಳು. ಉಡುಗೊರೆ ಅದು. ನಿಂಗೆ ಬೇಜಾರಾಗುತ್ತೆ ಅಂತ…"

"ನಂಗೆ ಬೇಜಾರು ಅಂತ ನಿಂಗೆ ಯಾರು ಹೇಳಿದ್ದು? ಯಾವತ್ತಾದ್ರೂ ನಾನು ಪೌಡರ್ ಡಬ್ಬದ ಮುಂದೆ ಅಳ್ತಾ ಕೂತಿದ್ದು ನೋಡಿದ್ದೀಯ? ಬೇಜಾರಿರೋದು ನಿನ್ನ ಬಾಯಿಗೆ. ಆರು ಚೌಕ ಕೊಟ್ಟಿದ್ದಾರೆ ಕಣ್ಣ ಮುಂದೆ, ಕೊನೇದಕ್ಕೆ ಒಂದು ಗೀಟು ಎಳೆಯಕ್ಕೆ ಕೈ ಬರ್ಲಿಲ್ಲ. ನಾನೇನು ಕಾಯಿಲೆನಾ, ಹೆಸರು ಹೇಳದೆ ಇರಕ್ಕೆ?"

ಅವನು ತಗ್ಗಿದ ದನಿಯಲ್ಲಿ, ಮರ್ಯಾದೆಗೆ ಹಾಗೆ ಬರೆದೆ ಕಣೆ ಎಂದ.

"ಮರ್ಯಾದೆ. ನಿಮ್ಮ ತಾತನ ಹೆಸರೇನು?"

ಅವನಿಗೆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗಲಿಲ್ಲ. "ಕರಿಗೌಡ."

"ಪಹಣಿಯಲ್ಲೂ ಕರಿಗೌಡ, ರೇಷನ್ ಕಾರ್ಡಲ್ಲೂ ಕರಿಗೌಡ. ಅವರ ಮರ್ಯಾದೆಗೆ ಯಾರಾದ್ರೂ ಎಣ್ಣೆಗೆಂಪೇಗೌಡ ಅಂತ ಕರೆದಿದ್ರಾ?"

ಅಡುಗೆಮನೆಯಲ್ಲಿ ಏನೋ ಬಿತ್ತು. ಬೆಟ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದದ್ದು ಕಿಟಕಿಯಲ್ಲಿ ಕಂಡಿತು. ಅವಳ ಭುಜ ಕುಲುಕುತ್ತಿತ್ತು. ಕರಿಗೌಡನ ಮಗನನ್ನು ಮದುವೆಯಾಗಿ ಬಂದವಳು ಅವಳು. ತವರಿನಲ್ಲಿ ಅವಳನ್ನೂ ಕರಿಬೆಟ್ಟಿ ಎಂದು ಕೂಗಿ ಊಟಕ್ಕೆ ಕರೆಯುತ್ತಿದ್ದರು, ಅವಳೂ ಓಡಿ ಹೋಗಿ ಉಣ್ಣುತ್ತಿದ್ದಳು.

ಮಾನಸ ನಗಲಿಲ್ಲ. ಕಾರ್ಡನ್ನು ದಾರ ಸಮೇತ ಕಿತ್ತು ಲ್ಯಾಪ್‌ಟಾಪಿನ ಮೇಲೆ ಇಟ್ಟಳು. ನಾಳೆ ಅರಸು ರಸ್ತೆಗೆ ಹೋಗೋಣ, ನೀನೂ ಬರಬೇಕು, ಅರ್ಧ ದಿನ ರಜ ಹಾಕು, ಪ್ಲಾನಿನಲ್ಲಿಲ್ಲ ಅಂತ ಹೇಳಬೇಡ ಎಂದಳು. ಆ ರಾತ್ರಿ ಯಾರೂ ಇಡ್ಲಿಗೆ ನೆನೆ ಹಾಕಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಅರಸು ರಸ್ತೆಯ ಸೀರೆ ಅಂಗಡಿಯಲ್ಲಿ ಲಿಂಗಯ್ಯ ಎಂಬ ಹಳೆಯ ಸೇಲ್ಸ್‌ಮನ್ ಅವರ ಮುಂದೆ ಹಾಸಿಗೆ ತುಂಬ ಸೀರೆ ಬಿಚ್ಚಿದ. ಒಂದೊಂದನ್ನೂ ಬೀಸಿ ಹಾಕುವಾಗ ಅವನು ಬಣ್ಣದ ಹೆಸರು ಕೂಗುತ್ತಿದ್ದ. ಈರುಳ್ಳಿ ಸಿಪ್ಪೆ, ಗಂಧ, ಕೆನೆ, ಪಿಸ್ತಾ. ಮಾನಸ ಕಪಾಟಿನ ಮೇಲಿನ ಸಾಲಿಗೆ ಬೆರಳು ತೋರಿಸಿ ಆ ಗಾಢ ಬಣ್ಣದವನ್ನು ತೆಗೆಯಿರಿ ಎಂದಳು. ಲಿಂಗಯ್ಯನ ಕೈ ಮೇಲೆ ಹೋಗಲಿಲ್ಲ. ಅವನು ದನಿ ತಗ್ಗಿಸಿ, ಮನೆಯವರ ಹಾಗೆ, ಗಾಢ ಬೇಡಿ ಮೇಡಂ, ನಿಮ್ಮ ಕಲರಿಗೆ ಲೈಟ್ ಶೇಡೇ ಎತ್ತಿ ಕೊಡುತ್ತೆ ಎಂದ. ಅವಳು ದಿಟ್ಟಿಸಿದ್ದರಿಂದ, ನೊಂದುಕೊಂಡಳೇನೋ ಎಂದು ತಿಳಿದು ತೇಪೆಯನ್ನೂ ಹಚ್ಚಿದ. "ಹಂಗಂತ ನೀವೇನ್ ಡಾರ್ಕ್ ಅಲ್ಲ ಮೇಡಂ. ಮೀಡಿಯಮ್ಮು."

"ಓದಿದ್ದು ಕನ್ನಡ ಮೀಡಿಯಮ್ಮು,"‌ ಎಂದಳು ಮಾನಸ. "ಬಣ್ಣ ಮೀಡಿಯಮ್ಮಲ್ಲ."

ಲಿಂಗಯ್ಯ ಸಹಾಯಕ್ಕಾಗಿ ಗಂಡನ ಕಡೆ ನೋಡಿದ. ಗಂಡಸರು ಇಂಥ ಹೊತ್ತಿನಲ್ಲಿ ಗಡಿಯಾರ ನೋಡುತ್ತಾರೆ ಎಂಬುದು ಅವನ ಮೂವತ್ತು ವರ್ಷದ ಅನುಭವ. ಲಿಖಿತ್ ಗಡಿಯಾರವನ್ನೂ ನೋಡಿದ. ಆಮೇಲೆ ಎರಡು ಸೀರೆಯಾಚೆ ಕೂತಿದ್ದ ಹೆಂಗಸರನ್ನು ನೋಡಿದ, ಅವರಿಗೆ ಕೇಳಿಸೀತು ಎಂದು. ಆಮೇಲೆ ಹೆಂಡತಿಯನ್ನು ನೋಡಿದ. ಅವಳು ಅವನಿಗಾಗಿ ಕಾಯುತ್ತಿರಲಿಲ್ಲ. ಬ್ಯಾಗು ಹೆಗಲಿಗೇರಿಸಿ ಎದ್ದು ನಿಂತಿದ್ದಳು, ಇನ್ನೊಂದು ಅಂಗಡಿಗೆ ಹೋಗಲು.

"ನಮ್ಮನೆಯವಳು ಕಪ್ಪು, ಅಣ್ಣ," ಎಂದ ಲಿಖಿತ್. "ಕಪ್ಪಿಗೆ ಒಪ್ಪೋದು ತೋರ್ಸಿ."

ಅವಸರದಲ್ಲಿ ಅದು ಕಪ್ಪಣ್ಣ ಎಂದೇ ಕೇಳಿಸಿತು. ತನ್ನನ್ನೇ ಯಾರೋ ಹೆಸರು ಬದಲಿಸಿ ಕರೆದಂತೆ ಲಿಂಗಯ್ಯ ಒಮ್ಮೆ ತಬ್ಬಿಬ್ಬಾದ. ಪಕ್ಕದ ಹೆಂಗಸರು ತಿರುಗಿ ನೋಡಿದರು. ಅಂಗಡಿಯ ಸೂರು ಬೀಳಲಿಲ್ಲ, ಫ್ಯಾನು ತಿರುಗುತ್ತಲೇ ಇತ್ತು. ಲಿಂಗಯ್ಯ ಕುರ್ಚಿ ಹತ್ತಿ ಮೇಲಿನ ಸಾಲಿನಿಂದ ಸೀರೆಗಳನ್ನು ಇಳಿಸಿದ.

ಮಾನಸಳಿಗೆ ಸಂತೋಷವೇನೂ ಆಗಲಿಲ್ಲ. ಆರು ವರ್ಷ ತಡವಾಗಿ ಸರಿಯುತ್ತರ ಬರೆದವನಿಗೆ ಮಾರ್ಕ್ಸ್ ಕೊಡಬಹುದು, ಬಹುಮಾನ ಕೊಡಬೇಕಾಗಿಲ್ಲ. ಅವಳು ನಾಲ್ಕು ಸೀರೆ ಆರಿಸಿ, ಬಿಸಿಲಿಗೆ ಹಿಡಿದು ನೋಡುತ್ತೇವೆ ಎಂದು ಹೇಳಿ, ಗಂಡನ ಕೈಯಲ್ಲಿ ಹೊರಿಸಿಕೊಂಡು ಬಾಗಿಲಾಚೆ ಬಂದಳು. ಅಂಗಡಿಯೊಳಗಿನ ದೀಪ ಯಾವುದನ್ನೂ ಇದ್ದ ಹಾಗೆ ತೋರಿಸುವುದಿಲ್ಲ ಎಂದು ಮೈಸೂರಿನ ಹೆಂಗಸರಿಗೆಲ್ಲ ಗೊತ್ತು. ಫುಟ್‌ಪಾತಿನ ಬಿಸಿಲಲ್ಲಿ ಅವಳು ನಿಂತಳು, ಲಿಖಿತ್ ಒಂದೊಂದೇ ಸೀರೆಯನ್ನು ಅವಳ ಹೆಗಲಿಗೆ ಹಿಡಿದ. ಜನ ಇಬ್ಬರನ್ನೂ ಬಳಸಿಕೊಂಡು ಹೋಗುತ್ತಿದ್ದರು. ಕಡು ಹಸಿರು ಹಿಡಿದಾಗ ಅವನು ಸೀರೆ ನೋಡಿದ. ಅರಿಶಿನ ಹಿಡಿದಾಗಲೂ ಸೀರೆ ನೋಡಿದ. ಕುಂಕುಮದ ಕೆಂಪು ಹಿಡಿದಾಗ ಸೀರೆಯಿಂದ ಮೇಲಕ್ಕೆ, ಅವಳ ಕತ್ತು, ಗದ್ದ, ಕೆನ್ನೆಗೆ ಅವನ ಕಣ್ಣು ಹೋಗಿ ಅಲ್ಲೇ ನಿಂತಿತು. ಬೆವರು ಮಿಂಚುತ್ತಿದ್ದ ಕಪ್ಪು ಕೆನ್ನೆ, ಪಕ್ಕದಲ್ಲಿ ಉರಿಯುವ ಕೆಂಪು. ಏನೋ ಹೇಳಲು ಬಾಯಿ ತೆರೆದ.

"ಕಾರ್ಡಲ್ಲಿ ಕೆಂಪು ಇಲ್ಲ ಅಂತ ತಾನೆ?" ಎಂದಳು ಅವಳು. "ಗೊತ್ತು. ನಾನು ಈಗಾಗ್ಲೇ ಕೆಂಪಂತೆ. ಇದನ್ನೇ ಪ್ಯಾಕ್ ಮಾಡ್ಸು."

ಅವನು ಹೇಳಹೊರಟದ್ದು ಅದಲ್ಲ. ಏನೆಂದು ಅವಳು ಕೇಳಲೂ ಇಲ್ಲ.

ಶನಿವಾರ ಟ್ಯುಟೋರಿಯಲ್‌ನ ಆಫೀಸ್ ರೂಮಿನಲ್ಲಿ ಡಿಸೈನರ್ ಮನೋಹರ್ ಕ್ಯಾಮೆರಾ, ಕಂಪ್ಯೂಟರ್ ಎರಡನ್ನೂ ಹೊತ್ತು ತಂದು ಕೂತಿದ್ದ. ಮೇಷ್ಟರುಗಳು ಒಬ್ಬೊಬ್ಬರೇ ಬಂದು ಕೈ ಕಟ್ಟಿ ನಿಂತು ಹೋದರು. ಕುಂಕುಮದ ಸೀರೆಯಲ್ಲಿ ಮಾನಸ ಬಂದಾಗ ಯಾರೂ ಹುಷಾರಿಲ್ವಾ ಎಂದು ಕೇಳಲಿಲ್ಲ. ಫೋಟೊ ಆದ ಮೇಲೆ ಉಳಿದವರೆಲ್ಲ ಹೋದರು, ಅವಳು ಹೋಗಲಿಲ್ಲ. ಮನೋಹರನ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂತಳು. ಅವನ ಕೈ ತನ್ನಷ್ಟಕ್ಕೆ ತಾನೇ ಅವಳ ಫೋಟೊ ತೆಗೆದು, ಬೆಳಕಿನ ಗುಂಡಿಯನ್ನು ಬಲಕ್ಕೆ ಎಳೆಯಿತು. ಪರದೆಯ ಮೇಲೆ ಮಾನಸ ಕಾಫಿಯಿಂದ ಹಾಲಾಗುತ್ತ ಹೋದಳು. ಸೀರೆಯೂ ಅವಳ ಜೊತೆ ಸೋತು ಟೊಮೆಟೊ ಸಾರಾಯಿತು.

"ಇದು ಯಾರು?" ಎಂದು ಕೇಳಿದಳು.

ನೀವೇ ಮೇಡಂ ಎಂದ ಮನೋಹರ್, ಸಹಜವಾಗಿ.

ಟ್ಯುಟೋರಿಯಲ್‌ನ ಯಜಮಾನರಾದ ರೇವಣಸಿದ್ದರು ತಮ್ಮ ಮೇಜಿನಿಂದ ಕತ್ತೆತ್ತಿದರು. ಕೆಟ್ಟ ಮನುಷ್ಯರಲ್ಲ, ಸಂಬಳ ತಡ ಮಾಡದವರು, ಆದರೆ ಫ್ಲೆಕ್ಸಿನ ವಿಷಯದಲ್ಲಿ ಅವರಿಗೆ ಸಿದ್ಧಾಂತವೊಂದಿತ್ತು. ಫ್ಲೆಕ್ಸು ಅಂದ್ರೆ ದೂರದಿಂದ ಕಾಣಬೇಕು ಕಣಮ್ಮ, ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕು, ಅದಕ್ಕೆ ಸ್ವಲ್ಪ ಬೆಳಕು ಕೊಡುತ್ತಾರೆ, ಎಲ್ಲರಿಗೂ ಕೊಡುತ್ತಾರೆ, ನಿಮಗೆ ಒಂದು ಚೂರು ಹೆಚ್ಚಿಗೆ ಬೇಕಾಗುತ್ತೆ ಅಷ್ಟೆ ಎಂದರು.

"ಬೋರ್ಡು ಕಪ್ಪಗಿದ್ರೆ ತಾನೆ ಸರ್ ಬರೆದದ್ದು ದೂರಕ್ಕೆ ಕಾಣೋದು?" ಎಂದಳು ಮಾನಸ.

ರೇವಣಸಿದ್ದರು ನಕ್ಕರು, ತಮಾಷೆ ಮುಗಿಯಿತು ಎಂದುಕೊಂಡು ಪೇಪರಿಗೆ ಹಿಂತಿರುಗಿದರು. ಮುಗಿದಿರಲಿಲ್ಲ. ಅವಳು ಹೋದ ವರ್ಷ ಅರ್ಜಿ ಕೈಗಿತ್ತ ತಂದೆಯ ಕಥೆ ಹೇಳಿದಳು, ಅವರದೇ ದನಿಯಲ್ಲಿ, ಇರಲಿ ಬುಡಮ್ಮ ಎಂಬಲ್ಲಿಗೆ ಬಂದಾಗ ರಾಗವನ್ನೂ ಬಿಡದೆ. ರೇವಣಸಿದ್ದರ ಪೇಪರ್ ನಿಧಾನವಾಗಿ ಕೆಳಗಿಳಿಯಿತು. ಪೋಷಕರು ಏನಂದ್ಕೊತಾರೆ, ಅಡ್ಮಿಷನ್ ಟೈಮು, ಬೇರೆ ಟ್ಯುಟೋರಿಯಲ್‌ಗಳ ಫ್ಲೆಕ್ಸು ನೋಡಿದ್ದೀರಾ ಎಂದು ಅವರು ಒಂದೊಂದೇ ಕಾರಣ ತಂದು ಮೇಜಿನ ಮೇಲಿಟ್ಟರು. ಅವಳು ಒಂದನ್ನೂ ಮುಟ್ಟಲಿಲ್ಲ.

"ಸರ್, ನನ್ನ ಹೆಸರು ಹಾಕ್ತೀರ ಅಂದ್ರೆ ನನ್ನ ಮುಖ ಹಾಕಿ. ಆ ಬಿಳಿ ಮೇಡಂನ ಹಾಕ್ತೀರ ಅಂದ್ರೆ ಅವರ ಹೆಸರು ಹಾಕಿ, ಸೋಮವಾರ ಬೆಳಗ್ಗೆ ಏಳು ಗಂಟೆಗೆ ಅವರೇ ಬಂದು ಪಾಠ ಮಾಡ್ಲಿ. ನಾನು ಬಾಗಿಲಲ್ಲಿ ನಿಂತು ಅರ್ಜಿ ಇಸ್ಕೊತೀನಿ."

ದನಿ ಏರಿರಲಿಲ್ಲ. ಇದರಲ್ಲಿ ಯಾರ ಅನುಕರಣೆಯೂ ಇರಲಿಲ್ಲ. ರೇವಣಸಿದ್ದರಿಗೆ ಅವಳ ಇಷ್ಟೊಂದು ದನಿಗಳ ಪೈಕಿ ಇದೊಂದು ಮಾತ್ರ ಹೊಸದು. ಸೋಮವಾರದ ಬ್ಯಾಚಿನ ಮಕ್ಕಳು ಯಾರನ್ನು ಹುಡುಕಿಕೊಂಡು ಬರುತ್ತಾರೆ ಎಂಬುದು ಅವರಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೇಡಂ ಹೇಳಿದ ಹಾಗೆ ಮಾಡಿಕೊಡಪ್ಪ, ನನ್ನನ್ನು ಕೇಳಬೇಡ ಎಂದು ಮನೋಹರನಿಗೆ ಹೇಳಿ ಹೊರಗೆ ಹೋದರು.

ಮನೋಹರ್ ಗುಂಡಿಯನ್ನು ಎಡಕ್ಕೆ ಎಳೆದ. ಹಾಲು ಸ್ವಲ್ಪ ಕಾಫಿಯಾಯಿತು. ಸಾಕಾ ಮೇಡಂ ಎಂದ. ಇಳಿಸಿ ಎಂದಳು. ಇನ್ನಷ್ಟು ಎಳೆದ. ಕೆನ್ನೆಯ ಮೂಳೆ ಕಂಡಿತು, ಹುಬ್ಬಿನ ಪಕ್ಕದ ಹಳೆಯ ಗಾಯದ ಗುರುತು ಕಂಡಿತು, ಸೀರೆಗೆ ಜೀವ ಬಂತು. ಈಗ ಸಾಕಲ್ವಾ ಎಂದು ಅವನು ಅವಳ ಕಡೆ ತಿರುಗಿದ. ಅವಳು ಪರದೆಯಿಂದ ಕಣ್ಣು ಕೀಳದೆ, ಇನ್ನೂ ಇಳಿಸಿ ಎಂದಳು.

ಮನೋಹರನ ಬೆರಳು ಮೌಸಿನ ಮೇಲೆ ನಿಂತುಹೋಯಿತು. ಹತ್ತು ವರ್ಷದ ಕಸುಬಿನಲ್ಲಿ ಯಾವ ಗಿರಾಕಿಗೂ ಅವನು ಈ ಎಚ್ಚರಿಕೆ ಕೊಡುವ ಸಂದರ್ಭ ಬಂದಿರಲಿಲ್ಲ.

"ಮೇಡಂ, ಇನ್ನೂ ಇಳಿಸಿದ್ರೆ ಒರಿಜಿನಲ್ಲೇ ಬಂದ್ಬುಡುತ್ತೆ."

"ಬರ್ಲಿ," ಎಂದಳು ಮಾನಸ.